ಎರಡು ಸಲ ಸರಿಸಿದ ಲೋಟ

ಮಾರ್ಚ್ 3, ಸೋಮವಾರ

ಪೆಟ್ಟಿಗೆಗೆ ಎಂಟು ಸಾವಿರ. ಟೆಂಪೋ ಬಾಡಿಗೆ ಐನೂರು. ಮೆಟ್ಟಿಲು ಹತ್ತಿಸಿದವನಿಗೆ ನೂರು. ಕೀಲುಗಳಿಗೆ ಎಣ್ಣೆ, ಒಳಗೆ ಬಳಿಯಲು ಕಪ್ಪು ಬಣ್ಣ — ಇನ್ನೂರೈವತ್ತು. ಒಟ್ಟು ಎಂಟು ಸಾವಿರದ ಎಂಟುನೂರ ಐವತ್ತು. ಪುಸ್ತಕಗಳಿಗೆ ಸೊನ್ನೆ. ಬೇಡವೆಂದರೂ ಬಂದವು.

ಟೋಪಿ ಮಾಮ ಸತ್ತು ವರ್ಷವಾಯಿತು. ಜೀವಮಾನವೆಲ್ಲ ಜಾದೂ ಮಾಡಿ ಊರಿಗೆ ಟೋಪಿ ಹಾಕಿದ ಮನುಷ್ಯ, ಹೆಂಡತಿಗೆ ಬಿಟ್ಟುಹೋದದ್ದು ಈ ಮಾಯದ ಪೆಟ್ಟಿಗೆ, ಒಂದು ಗೋಣಿಚೀಲ ಹಳೆಯ ಜಾದೂ ಪುಸ್ತಕ. ನನಗೆ ಬೇಕಿದ್ದದ್ದು ಪೆಟ್ಟಿಗೆ. ಮಾಮನ ಹೆಂಡತಿ, ಆ ಅಜ್ಜಿ, ಬಾಗಿಲಿಗೆ ಅಡ್ಡ ನಿಂತರು. “ಪೆಟ್ಟಿಗೆ ಬೇಕು ಅಂದ್ರೆ ಪುಸ್ತಕಾನೂ ಹೊತ್ಕೊಂಡು ಹೋಗಪ್ಪ. ಬೇರೆ ಬೇರೆ ಕೊಡಬೇಡ ಅಂದಿದ್ರು.” ಆಮೇಲೆ ಗಂಡನ ಪುರಾಣ. ಊಟಕ್ಕೆ ಕೂತರೆ ಈಕೆಯ ನೀರಿನ ಲೋಟ ಇದ್ದಲ್ಲಿ ಇರಲು ಬಿಡುತ್ತಿರಲಿಲ್ಲವಂತೆ. ಅತ್ತ ಸರಿಸು, ಇತ್ತ ಸರಿಸು. ಅದಕ್ಕೇ ಮದುವೆಯಾದಾಗಿನಿಂದ ಜಗಳವಂತೆ. ನಾನು ಕೀಲು ನೋಡುತ್ತ ಹೂಂಗುಟ್ಟಿದೆ.

ದುಂದು ಮಾಡಿದೆನೆ? ಇಲ್ಲ. ಶನಿವಾರದ ಹೋಟೆಲ್ ಕೆಲಸ ಉಳಿಯಬೇಕು. ಮೇಜಿಂದ ಮೇಜಿಗೆ ಹೋಗಿ ಆಟ ತೋರಿಸುವುದು. ಮನೆ ಬಾಡಿಗೆ ಬರುವುದೇ ಅದರಿಂದ. ನಾನೂ ಫೋನಿನಲ್ಲಿ ಕಲಿಯುವುದು, ಊಟಕ್ಕೆ ಬಂದವರೂ ಅದೇ ಫೋನಿನಲ್ಲಿ ನೋಡಿ ಬರುವುದು. ಗುಟ್ಟು ನನ್ನ ಬಾಯಿಗಿಂತ ಮೊದಲು ಅವರ ಬಾಯಲ್ಲಿ. ಹೊಸದೇನಾದರೂ ತನ್ನಿ ಎಂದಿದ್ದಾನೆ ಮ್ಯಾನೇಜರ್. ಎರಡು ಸಲ ಎಂದಿದ್ದಾನೆ.

ಮಾರ್ಚ್ 5, ಬುಧವಾರ

ಪೆಟ್ಟಿಗೆ ಕೈಕೊಟ್ಟಿತು. ಎದುರಿನಿಂದ ನೋಡಿದರೆ ಮಾಯೆ, ಪಕ್ಕದಿಂದ ನೋಡಿದರೆ ಮರಗೆಲಸ. ರಂಗದ ಮೇಲೆ ಇಡುವ ಮಾಲು. ಹೋಟೆಲಿನಲ್ಲಿ ನನ್ನ ಬೆನ್ನ ಹಿಂದೆಯೂ ಗಿರಾಕಿ ಇರುತ್ತಾನೆ.

ಭಾವಮೈದ ಬಂದಿದ್ದ. ಜಾದೂ ಸಾಮಾನಿನ ಅಂಗಡಿ ಅವನದು. ಎಲ್ಲ ಹೊಸ ಮಾಲು, ಎಲ್ಲ ಬ್ಯಾಟರಿ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, “ಭಾವ, ಇದ್ರಲ್ಲಿ ಹಾಸಿಗೆ ಬಟ್ಟೆ ಇಟ್ಕೊಳ್ಳಿ” ಎಂದ. ಅಂಗಡಿ ಮುಂದೆ ಶೋಕಿಗೆ ಇಡಲು ಅರ್ಧ ಬೆಲೆಗೆ ಒಯ್ಯುತ್ತಾನಂತೆ.

ಹೊಟ್ಟೆ ಉರಿಗೆ ಗೋಣಿಚೀಲಕ್ಕೆ ಕೈ ಹಾಕಿದೆ. ರಟ್ಟಿಲ್ಲದ ಒಂದು ಪುಸ್ತಕ. ಹೆಸರಿಲ್ಲ, ಬರೆದವನಾರೋ ಗೊತ್ತಿಲ್ಲ. ಚಿತ್ರದಲ್ಲಿ ಊಟದ ಮೇಜು, ನಾಲ್ಕೂ ಕಡೆ ಜನ. ನನ್ನದೇ ಹೋಟೆಲ್! ಗಿರಾಕಿಯ ಉಂಗುರ ಕರವಸ್ತ್ರದೊಳಗಿಂದ ಮಾಯ, ಅವನದೇ ತಟ್ಟೆಯ ಕೆಳಗೆ ಹಾಜರ್. ಫೋನಿನಲ್ಲಿ ಹುಡುಕಿದೆ. ಎಲ್ಲೂ ಇಲ್ಲ.

ಆಟ ಮೂರು ಹಾಳೆ. ಅದರ ಹಿಂದಿನ ಪುಟಗಳೆಲ್ಲ ಹರಟೆ... ಮೇಜಿನ ಬಳಿ ಹೇಗೆ ನಿಲ್ಲಬೇಕು, ಊಟ ಹೇಗಿದೆ ಎಂದು ಹೇಗೆ ಕೇಳಬೇಕು. ಪುಟಕ್ಕಿಷ್ಟು ಎಂದು ಕೂಲಿ ಸಿಗುತ್ತಿತ್ತೇನೋ ಪುಣ್ಯಾತ್ಮನಿಗೆ. ಓದಲಿಲ್ಲ.

ಮಾರ್ಚ್ 7, ಶುಕ್ರವಾರ

ಬ್ಲೇಡಿನಲ್ಲಿ ಮೂರು ಹಾಳೆ ನೀಟಾಗಿ ಬಿಡಿಸಿಕೊಂಡೆ. ಮಿಕ್ಕದ್ದು ಚೀಲದ ಸಮೇತ ಹಳೆ ಪುಸ್ತಕದಂಗಡಿಗೆ. ತೂಕಕ್ಕೆ ಹಾಕಿದ. ನಾನೂರು ಸಿಕ್ಕಿತು. ಸೊನ್ನೆಗೆ ಬಂದ ಮಾಲು ನಾನೂರಕ್ಕೆ!

ಹೆಂಡತಿ ಹೊಲಿಗೆ ಮೆಷಿನ್ ನಿಲ್ಲಿಸಿ ಆ ಮೂರು ಹಾಳೆ ನೋಡಿದಳು. “ಜೇಬು ಬೇಕು ಅಂತ ಪ್ಯಾಂಟಿಂದ ಜೇಬು ಒಂದೇ ಕತ್ತರಿಸ್ಕೊಂಡ್ರಾ?”

ಟೈಲರ್ ಬಾಯಿ. ಬಿಡು.

ಮಾರ್ಚ್ 9, ಭಾನುವಾರ

ನಿನ್ನೆ ಮಾನ ಹೋಯಿತು.

ಕಿಟಕಿ ಬದಿಯ ಮೇಜು. ಹೋಟೆಲಿನ ಮಾಲೀಕರು, ಅವರ ಮೊಮ್ಮಗಳು. ದಪ್ಪ ಕನ್ನಡಕದ ಹುಡುಗಿ, ಪ್ರತಿ ಶನಿವಾರ ಬರುತ್ತಾಳೆ. ಮಾಲೀಕರ ಉಂಗುರ ಇಸಿದುಕೊಂಡೆ. ಕರವಸ್ತ್ರ ಕೊಡವಿದೆ, ಉಂಗುರ ಇಲ್ಲ. ಅಲ್ಲಿಯತನಕ ಚೆನ್ನ. ತಟ್ಟೆಯನ್ನು ಒಂದಿಷ್ಟು ಸರಿಸಿ ಉಂಗುರ ಕೆಳಗೆ ತೂರಿಸಿದೆ. ಕೈ ಇನ್ನೂ ಹಿಂದಕ್ಕೆ ಬಂದಿಲ್ಲ —

“ತಾತಾ, ಇವರು ನಿನ್ನ ತಟ್ಟೆ ಯಾಕೆ ಮುಟ್ಟಿದ್ರು?”

ಕೂಗಲೂ ಇಲ್ಲ. ಸುಮ್ಮನೆ ಕೇಳಿದಳು. ತಟ್ಟೆ ಎತ್ತಿದಳು. ತಾತ ನಕ್ಕರು. ಮ್ಯಾನೇಜರ್ ನಗಲಿಲ್ಲ. ಬರುವ ಶನಿವಾರ ಮಾಲೀಕರ ನೆಂಟರು ಬರುತ್ತಾರಂತೆ. ಅವತ್ತೂ ಹೀಗಾದರೆ ನನ್ನ ಜಾಗಕ್ಕೆ ಗಿಟಾರಿನವನು ತಯಾರಿದ್ದಾನಂತೆ. ಹೌದು, ಗಿಟಾರ್ ಎತ್ತಿ ಕೆಳಗೇನಿದೆ ಎಂದು ಯಾರೂ ನೋಡುವುದಿಲ್ಲ.

ಮಾರ್ಚ್ 12, ಬುಧವಾರ

ಬರೆಯುವ ಮನಸ್ಸಿರಲಿಲ್ಲ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅಭ್ಯಾಸ ಮಾಡಿ ಮಾಡಿ ಮನೆಯ ತಟ್ಟೆಗಳೆಲ್ಲ ಅಂಚು ಮುಕ್ಕಾದವು.

ಇವಳು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಗಿರಾಕಿಯಾಗಿ ಎದುರು ಕೂತಳು. ಪ್ರತಿ ಸಲ ಹಿಡಿದಳು. ಬೇಗ ಮಾಡಿದರೆ ಬೇಗ ಹಿಡಿದಳು. ಕೊನೆಗೆ ಹಾಳೆ ಕಿತ್ತುಕೊಂಡು ತಾನೇ ಓದಿದಳು.

“‘ಹಿಂದೆ ಎರಡು ಸಲ ಮಾಡಿದಂತೆಯೇ ಮೂರನೆಯ ಸಲವೂ’ ಅಂತಿದೆ. ಎರಡು ಸಲ ಏನು ಮಾಡಿದ್ರಿ?”

“ಏನೂ ಮಾಡಿಲ್ಲ.”

“ಮತ್ತೆ ಮೂರನೇದು ಎಲ್ಲಿಂದ ಬಂತು?”

ಆ ಎರಡು ಸಲ ಹಿಂದಿನ ಪುಟಗಳಲ್ಲಿವೆ. ಹಿಂದಿನ ಪುಟಗಳು ತಕ್ಕಡಿಗೆ ಹೋದವು.

ಮಾರ್ಚ್ 13, ಗುರುವಾರ

ಹಳೆ ಪುಸ್ತಕದಂಗಡಿಗೆ ಹೋಗಿ ಮೊದಲು ನಿಘಂಟು ಕೇಳಿದೆ. ಆಮೇಲೆ ಭೂಪಟ. ಆಮೇಲೆ, ಹಾಗೇ ನೆನಪಾದವನಂತೆ, ಆ ರಟ್ಟಿಲ್ಲದ್ದು. ನಾನು ಜಾದೂಗಾರ. ಅವನು ವ್ಯಾಪಾರಿ. ಕಣ್ಣು ನೋಡಿಯೇ ಬೆಲೆ ಕಟ್ಟಿದ — ಎರಡು ಸಾವಿರ.

ಹರಿದ ಪುಸ್ತಕ, ಮೂರು ಹಾಳೆಯೇ ಇಲ್ಲ ಎಂದು ಚೌಕಾಸಿ ಮಾಡಿದೆ.

“ಬೇರೆಯವರಿಗೆ ಹರಿದ ಪುಸ್ತಕ ಸಾರ್. ನಿಮಗೆ ಪೂರ್ತಿ ಪುಸ್ತಕ. ಆ ಮೂರು ಹಾಳೆ ನಿಮ್ಮನೇಲೇ ಇದೆಯಲ್ಲ.”

ಜೇಬಿಗೆ ಕೈ ಹಾಕಿದೆ. ಇಷ್ಟು ವರ್ಷ ಬಾಯಿಂದಲೇ ಬದುಕಿದವನು ನಾನು.

ಚೀಲದಲ್ಲಿದ್ದ ಎರಡು ಪುಸ್ತಕ ಆಗಲೇ ಹೋಗಿವೆ. ಒಬ್ಬ ಹಡಗಿನಲ್ಲಿ ಆಟ ತೋರಿಸುವವನಂತೆ, ಇನ್ನೊಬ್ಬ ಮಕ್ಕಳ ವಾರ್ಡಿನಲ್ಲಿ. ಹಳೆಯದನ್ನು ಕೇಳಿಕೊಂಡು ಬರುವವರೆಲ್ಲ ದುಡಿಯುವವರೇ, ಶೋಕಿಗೆ ಮಾಡುವವರು ಹೊಸದು ಕೇಳುತ್ತಾರೆ ಎಂದ. ಉಳಿದದ್ದನ್ನೆಲ್ಲ ಕಟ್ಟಿಸಿಕೊಂಡೆ. ಎಲ್ಲ ಸೇರಿ ಮೂರೂವರೆ ಸಾವಿರ. ಮಾರಿದ್ದು ನಾನೂರಕ್ಕೆ. ಇವಳಿಗೆ ಹೇಳಿಲ್ಲ.

ಮಾರ್ಚ್ 14, ಶುಕ್ರವಾರ

ಇವಳಿಗೆ ಗೊತ್ತು.

ಹರಟೆ ಎಂದು ಬಿಟ್ಟ ಪುಟಗಳನ್ನು ಅಕ್ಷರ ಬಿಡದೆ ಓದಿದೆ. ಆಟ ಇರುವುದೇ ಅಲ್ಲಿ. ‘ಬಂದ ಕೂಡಲೇ ಅತಿಥಿಯ ಲೋಟವನ್ನು ಸರಿಸಿ ಜಾಗ ಮಾಡಿಕೊಳ್ಳಿ. ಕೈಯಲ್ಲಿ ಏನೂ ಇರಬಾರದು. ಸ್ವಲ್ಪ ಹೊತ್ತು ಮಾತಾಡಿ, ಮರಳಿ ಅದೇ ಜಾಗಕ್ಕಿಡಿ. ಆಗಲೂ ಏನೂ ಇರಬಾರದು. ಎರಡು ಸಲ ಸುಮ್ಮನೆ ಸರಿಸಿದ ಕೈಯನ್ನು ಮೂರನೆಯ ಸಲ ಯಾರೂ ಕಾಯುವುದಿಲ್ಲ.’ ಯಾರಾದರೂ ಕೈ ಹಿಡಿದರೆ ಏನು ಮಾಡಬೇಕು, ಉಂಗುರ ಜಾರಿ ಬಿದ್ದರೆ ಏನು ಹೇಳಬೇಕು, ಅದೂ ಇದೆ. ಫೋನಿನಲ್ಲಿ ಉಂಗುರ ಬೀಳುವುದೇ ಇಲ್ಲ. ಬಿದ್ದದ್ದನ್ನು ಕತ್ತರಿಸಿ ಹಾಕುತ್ತಾರೆ. ನಾನು ಕಲಿಯಬೇಕಾದದ್ದು ಆ ಕತ್ತರಿಸಿದ್ದನ್ನೇ.

ಥಟ್ಟನೆ ನೆನಪಾಯಿತು. ಅಜ್ಜಿಯ ಲೋಟ. ಅತ್ತ ಸರಿಸು, ಇತ್ತ ಸರಿಸು. ಚಾಳಿಯಲ್ಲ — ಅಭ್ಯಾಸ. ಟೋಪಿ ಮಾಮ ದಿನಾ ಆಕೆಯೆದುರೇ ಅಭ್ಯಾಸ ಮಾಡಿದ್ದಾನೆ, ಆಕೆಗೇ ಗೊತ್ತಾಗದ ಹಾಗೆ. ಮೂರನೆಯ ಸಲ ಏನಾದರೂ ಬಂದಿತ್ತೇ ಆಕೆಯ ತಟ್ಟೆಯ ಕೆಳಗೆ? ಆಕೆ ಹೇಳಲಿಲ್ಲ. ನಾನು ಕೀಲು ನೋಡುತ್ತಿದ್ದೆ.

ಮಾರ್ಚ್ 16, ಭಾನುವಾರ

ನಿನ್ನೆ ಅದೇ ಮೇಜು. ಮಾಲೀಕರು, ನೆಂಟರು, ಕನ್ನಡಕದ ಹುಡುಗಿ. ಅವಸರ ಮಾಡಲಿಲ್ಲ. ಲೋಟ ಸರಿಸಿದೆ. ಊಟ ಹೇಗಿದೆ ಎಂದೆ. ಲೋಟ ಮರಳಿಸಿದೆ. ಹುಡುಗಿ ನನ್ನ ಕೈಯನ್ನೇ ನುಂಗುವಂತೆ ನೋಡುತ್ತಿದ್ದಳು. ಆಮೇಲೆ ಉಂಗುರ, ಕರವಸ್ತ್ರ. ಮೂರನೆಯ ಸಲ ಸರಿಸಿದ್ದು ತಟ್ಟೆ... ನಡುವೆ ಮಾಲೀಕರಿಗೆ ಉಪ್ಪು ಚಾಚಿದೆ.

ಉಂಗುರ ಇಲ್ಲ ಎಂದ ಕೂಡಲೇ ಹುಡುಗಿ ಕೈ ಹಾಕಿದಳು. ಲೋಟಕ್ಕೆ! ಎತ್ತಿ ಕೆಳಗೆ ನೋಡಿದಳು. ಮೇಜುಬಟ್ಟೆ ಬಿಟ್ಟರೆ ಏನಿಲ್ಲ. ನಾನು ತಾತನಿಗೆ ತಟ್ಟೆ ತೋರಿಸಿದೆ. ಅವರೇ ಎತ್ತಿದರು. ಕೆಳಗೆ ಉಂಗುರ. ಆರು ವರ್ಷದಲ್ಲಿ ಅಂಥ ಮೌನ ನನಗೆ ಸಿಕ್ಕಿರಲಿಲ್ಲ. ಹುಡುಗಿ ಕನ್ನಡಕ ತೆಗೆದು ಒರೆಸಿಕೊಂಡಳು. “ಇನ್ನೊಂದ್ಸಲ ಮಾಡಿ.”

ಮಾಡಲಿಲ್ಲ. ಅದೂ ಪುಸ್ತಕದಲ್ಲಿದೆ.

ಲೆಕ್ಕ ಮುಗಿಸುತ್ತೇನೆ.

ಹಳೆ ಪುಸ್ತಕದಂಗಡಿಯವನಿಗೆ: ನನ್ನಿಂದ ಮೂರು ಸಾವಿರದ ನೂರು ಲಾಭ, ಜೊತೆಗೆ ಒಬ್ಬ ಕಾಯಂ ಗಿರಾಕಿ.

ಭಾವಮೈದನಿಗೆ: ಅರ್ಧ ಬೆಲೆಗೆ ಪೆಟ್ಟಿಗೆ.

ಮ್ಯಾನೇಜರಿಗೆ: ಮಾಲೀಕರಿಂದ ಒಂದು ಶಹಬ್ಬಾಸ್. ಅವನೇ ಇಟ್ಟುಕೊಂಡ.

ಗಿಟಾರಿನವನಿಗೆ: ಭಾನುವಾರ. ಒಳ್ಳೆಯದಾಗಲಿ.

ನನಗೆ: ಶನಿವಾರ. ಒಂದು ಚೀಲ ಪುಸ್ತಕ. ಮೂರು ಹಾಳೆಯನ್ನು ಇವಳು ದಾರ ಹಾಕಿ ಮತ್ತೆ ಹೊಲಿದುಕೊಟ್ಟಳು.

ಇವಳಿಗೆ: ಮೂರು ಹೊತ್ತೂ ಜಾಗ ಬದಲಿಸುವ ನೀರಿನ ಲೋಟ. ಈಗಲೇ ಬೈಯಲು ಶುರು ಮಾಡಿದ್ದಾಳೆ.

ಅಜ್ಜಿಗೆ: ಇನ್ನೂ ಏನೂ ಇಲ್ಲ. ನಾಳೆ ಊಟದ ಹೊತ್ತಿಗೆ ಹೋಗುತ್ತೇನೆ. ಎದುರು ಕೂತು, ಊಟ ಹೇಗಿದೆ ಎಂದು ಕೇಳಿ, ಅವರ ಲೋಟವನ್ನು ಒಂದಿಷ್ಟು ಅತ್ತ —