ಮಂದಾಕಿನಿಯ ಒಂಬತ್ತನೇ ಅಧ್ಯಾಯ

ಕೋಲಾರದ ಗಣಿ ಊರು
ಕ್ರಿ.ಶ. 2293, ಎರಡನೇ ಬೇಸಿಗೆಯ ಮೂವತ್ತೆಂಟನೇ ದಿನ

ಹೆಸರು ತಿಳಿಯದ ಕಾದಂಬರಿಕಾರರಿಗೆ ಅಲಮೇಲು ಮಾಡುವ ವಂದನೆಗಳು.

ನಿಮ್ಮ ಪುಸ್ತಕದ ಹೊದಿಕೆಯೂ ಮೊದಲ ಎರಡು ಹಾಳೆಗಳೂ ಹರಿದುಹೋಗಿವೆ. ಹಾಗಾಗಿ ನೀವು ಗಂಡಸೋ ಹೆಂಗಸೋ ನನಗೆ ತಿಳಿಯದು. ನಿಮ್ಮ ಕಾಲದ ಕನ್ನಡವನ್ನು ಪುಸ್ತಕಗಳಿಂದ ಕಲಿತವಳು ನಾನು. ಎಲ್ಲಾದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಈ ಕಾಗದ ನಿಮ್ಮನ್ನು ತಲುಪುವ ದಾರಿ ಇಲ್ಲವೆಂದು ಗೊತ್ತಿದ್ದರೂ, ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ಕೇಳಲಾಗದ ಒಂದು ಪ್ರಶ್ನೆ ನನ್ನಲ್ಲಿದೆ.

ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ. ಆ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಹೊರಗೆ ನಿಲ್ಲಲಾಗುವುದಿಲ್ಲ. ಊರಿಗೆ ಊರೇ ಹಳೆಯ ಗಣಿಯ ಮೇಲಿನ ಸುರಂಗಗಳಿಗೆ ಇಳಿಯುತ್ತದೆ. ಆ ಜಾಗಕ್ಕೆ ‘ನೆಲತಂಪು’ ಎನ್ನುತ್ತೇವೆ. ಜನ ಚಾಪೆ ತರುತ್ತಾರೆ, ಮಜ್ಜಿಗೆ ತರುತ್ತಾರೆ, ಬಿಡಿಸಲು ಅವರೆಕಾಯಿ ತರುತ್ತಾರೆ. ಕರೆಂಟು ಫ್ಯಾನುಗಳಿಗೂ ನಾಲ್ಕು ದೀಪಗಳಿಗೂ ಸಾಕಾದರೆ ಹೆಚ್ಚು. ಆದ್ದರಿಂದ ಹೊತ್ತು ಕಳೆಯಲು ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಹಾಗೆ ಓದುವವರು ‘ಓದಾಳು’. ಹದಿನಾರು ವರ್ಷಗಳಿಂದ ಆ ಕೆಲಸ ನನ್ನದು. ನನ್ನ ದನಿಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮುರಿದ ಮನೆಯೊಂದರ ಟ್ರಂಕಿನಲ್ಲಿ ನಿಮ್ಮ ಕಾದಂಬರಿ ಸಿಕ್ಕಿತು. ಕತೆಯನ್ನು ನಿಮಗೇ ಹೇಳಬೇಕಿಲ್ಲ, ಆದರೆ ನಮಗೆ ಅದು ಹೇಗೆ ಕಂಡಿತೆಂದು ಹೇಳುತ್ತೇನೆ. ಟೀಚರ್ ಮಂದಾಕಿನಿ ಒಂದು ಕೊಲೆಯನ್ನು ಕಣ್ಣಾರೆ ಕಾಣುತ್ತಾಳೆ. ಕೊಂದವನು ಕಳ್ಳಸಾಗಣೆಯ ರಣಧೀರ, ಸತ್ತವನು ಒಬ್ಬ ಲಾರಿ ಡ್ರೈವರ್. ಸಾಕ್ಷಿ ಹೇಳದಂತೆ ರಣಧೀರ ಅವಳನ್ನು ಹೊತ್ತೊಯ್ದು ತನ್ನ ಬಂಗಲೆಯಲ್ಲಿ ಕೂಡಿಹಾಕುತ್ತಾನೆ. ನಮ್ಮ ಜನ ರಣಧೀರನಿಗೆ ಮರುಳಾದರು. ಅವನ ಕಪ್ಪು ಕನ್ನಡಕ, ಅವನ ಬುಲೆಟ್ ಬೈಕು, ಒಂದು ಹುಬ್ಬನ್ನು ಮಾತ್ರ ಏರಿಸುವ ಅವನ ರೀತಿ! ಆರನೇ ಅಧ್ಯಾಯದ ಹೊತ್ತಿಗೆ ಪಕ್ಕದ ಸುರಂಗದವರೂ ಚಾಪೆ ಎತ್ತಿಕೊಂಡು ಬಂದಿದ್ದರು. ನಾನೂ ಮರುಳಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಒಂಬತ್ತನೇ ಅಧ್ಯಾಯದಲ್ಲಿ ಅವನು ಅವಳ ಕೋಣೆಯ ಬಾಗಿಲು ಒಡೆದು ಒಳಗೆ ಬರುತ್ತಾನೆ. ಅಲ್ಲಿ ನಾನು ದನಿ ತಗ್ಗಿಸಿದೆ, ಜೇನು ಸವರಿದಂತೆ ನುಣುಪಾಗಿಸಿದೆ. ‘ಅವಳ ಬೇಡ ಬೇಡಗಳು ಅವನ ಕಿವಿಗೆ ವೀಣೆಯಂತೆ ಕೇಳಿಸಿದವು’ ಎಂದು ನೀವು ಬರೆದಿದ್ದೀರಿ. ಆ ವಾಕ್ಯ ಮುಗಿಸಿ ತಲೆ ಎತ್ತಿದಾಗ ಫ್ಯಾನ್ ರಿಪೇರಿಯ ಮುನಿರತ್ನಮ್ಮನ ಜಾಗ ಖಾಲಿಯಾಗಿತ್ತು. ಬಿಡಿಸಿದ ಅವರೆಕಾಳು ಚಾಪೆಯ ಮೇಲೆಲ್ಲ ಚೆಲ್ಲಿತ್ತು. ಆಕೆ ಮೆಟ್ಟಿಲು ಹತ್ತಿ, ಮಧ್ಯಾಹ್ನ ಒಂದು ಗಂಟೆಯ ಸುಡುಬಿಸಿಲಿಗೆ ಹೋಗಿಬಿಟ್ಟಿದ್ದಳು. ನೀರಿನ ತೊಟ್ಟಿಯ ಹತ್ತಿರ ಪ್ರಜ್ಞೆ ತಪ್ಪಿ ಬಿದ್ದಿದ್ದವಳನ್ನು ನಾಲ್ವರು ಹೊತ್ತು ತಂದರು. ಎರಡು ದಿನ ಒದ್ದೆ ಬಟ್ಟೆ ಸುತ್ತಿ ಉಳಿಸಿಕೊಂಡೆವು.

ಮೂರನೇ ದಿನ ನಾನು ಅವಳ ಪಕ್ಕ ಕುಳಿತು, ಏನಾಯಿತೆಂದು ಕೇಳಿದೆ.

“ನೀನು ಚೆನ್ನಾಗೇ ಓದ್ದೆ ಅಲಮೇಲು. ಅದೇ ತಡೆಯೋಕಾಗ್ಲಿಲ್ಲ,” ಎಂದಳು. ಹಣೆಯ ಮೇಲಿನ ಒದ್ದೆ ಬಟ್ಟೆ ತೆಗೆದಿಟ್ಟು ಮತ್ತೆ ಹೇಳಿದಳು: “ನಂಗೆ ಹತ್ತೊಂಬತ್ತು ಆಗ. ನಮ್ಮ ಸಂಬಂಧಿಕನೇ. ನಮ್ಮತ್ತೆ ಏನಂದ್ಲು ಗೊತ್ತಾ? ‘ಅವನಿಗೆ ನಿನ್ಮೇಲೆ ಎಷ್ಟು ಪ್ರೀತಿ ಐತೆ ನೋಡು, ತಡ್ಕೊಳಾಕೆ ಆಗ್ದೆ ಹಂಗೆ ಮಾಡವ್ನೆ’ ಅಂದ್ಲು. ಆ ಮಾತು ಅವಳಿಗೆ ಎಲ್ಲಿಂದ ಬಂತು ಅಂತ ಮೂವತ್ತು ವರ್ಷ ಯೋಚನೆ ಮಾಡಿದೀನಿ.”

ವಿಷಯ ನೆಲತಂಪಿನ ಸಭೆಗೆ ಬಂತು. ತಾನೇ ಹೇಳುತ್ತೇನೆಂದು ಮುನಿರತ್ನಮ್ಮ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಉಗ್ರಾಣದ ಪಾಪಣ್ಣ ಕಣ್ಣೊರೆಸಿಕೊಂಡು, “ಒಲೆಗೆ ಹಾಕ್ರಿ ಆ ಪುಸ್ತಕಾನ,” ಎಂದ. ಹಲವರು ಹೌದೆಂದರು. ಆಗ ಊರಿಗೆ ನೀರು ಬಿಡುವ ನೀರಗಂಟಿ ರೇವತಿ ಎದ್ದಳು. ಇಪ್ಪತ್ತಾರು ವರ್ಷದವಳು, ಯಾರಿಗೂ ಹೆದರುವವಳಲ್ಲ.

“ನಂಗೆ ಆ ಕತೆ ಇಷ್ಟ,” ಎಂದಳು. “ಅದು ಕತೆ ಅಂತ ನಂಗೊತ್ತು. ಅಂಥೋನು ನಿಜವಾಗ್ಲೂ ನಮ್ಮನೆ ಬಾಗಿಲಿಗೆ ಬಂದ್ರೆ ಸೌದೆ ತಗೊಂಡು ಬಾರಿಸ್ತೀನಿ. ನಂಗೇನು ಇಷ್ಟ ಆಗ್ಬೇಕು ಅಂತ ನೀವು ತೀರ್ಮಾನ ಮಾಡ್ತೀರಾ ಪಾಪಣ್ಣ? ಡ್ರೈವರ್ ಸತ್ತಾಗ ನೀವೇ ಚಪ್ಪಾಳೆ ತಟ್ಟಿದ್ರಿ. ಅವನ ಹೆಂಡ್ರು ಮಕ್ಕಳ ಕತೆ ಏನಾಯ್ತು ಅಂತ ಕೇಳಿದ್ರಾ?”

ಎಲ್ಲರೂ ಮುನಿರತ್ನಮ್ಮನ ಕಡೆ ನೋಡಿದರು. ಅವಳು ರೇವತಿಯ ಮೇಲೆ ಸಿಟ್ಟಾಗಲಿಲ್ಲ.

“ಸುಡೋದು ಬ್ಯಾಡ,” ಎಂದಳು. “ಕೆಟ್ಟದ್ದು ಬರೀಬಾರ್ದು ಅಂತ ನಾನು ಅನ್ನಲ್ಲ. ಬರೀಲೇಬೇಕು. ನನಗೆ ಆದದ್ದನ್ನ ಯಾರೋ ಒಬ್ರು ಬರೆದಿದ್ರೆ ನಾನು ಒಂಟಿ ಅನ್ಕೊತಿರ್ಲಿಲ್ಲ. ಆದ್ರೆ ಒಂಬತ್ತರಲ್ಲಿ ಅವಳು ಅಷ್ಟು ಅತ್ತಿದ್ಲಲ್ಲ, ಮುಂದೆ ಹನ್ನೆರಡರಲ್ಲಿ ಯಾರಿಗೂ ಅದು ನೆನಪೇ ಇಲ್ವಂತೆ, ಅಲಮೇಲು ಹೇಳಿದ್ಲು? ಅವನ ಅಂಗಿಗೆ ಗುಂಡಿ ಹೊಲೀತಾ ಕೂತಿರ್ತಾಳಂತೆ? ಆ ಅಳು ಎಲ್ಲಿ ಹೋಯ್ತು?”

ಒಂಬತ್ತನೇ ಅಧ್ಯಾಯವನ್ನು ಮತ್ತೊಮ್ಮೆ ಓದಲೇ ಎಂದು ನಾನು ಕೇಳಿದೆ. ಮುನಿರತ್ನಮ್ಮ ಒಪ್ಪಿದಳು, ನನ್ನ ಪಕ್ಕವೇ ಬಂದು ಕುಳಿತಳು. ಈ ಸಲ ದನಿ ತಗ್ಗಿಸಲಿಲ್ಲ, ಸಿಹಿ ಬೆರೆಸಲಿಲ್ಲ. ಪಡಿತರದ ಪಟ್ಟಿ ಓದುವಂತೆ ಓದಿದೆ. ನನ್ನದೇ ದನಿ ಮಾಡಿದ ಮೋಸವೆಷ್ಟು, ನಿಮ್ಮ ಬರಹ ಮಾಡಿದ್ದೆಷ್ಟು ಎಂದು ನನಗೆ ತಿಳಿಯಬೇಕಿತ್ತು. ‘ಬೇಡ’ ಎಂಬ ಮಾತು ಬಂದಾಗಲೆಲ್ಲ ಸುರಂಗದಲ್ಲಿ ಅದು ಬರಿಯ ‘ಬೇಡ’ ಆಗಿಯೇ ಕೇಳಿಸಿತು. ವೀಣೆಯ ವಾಕ್ಯ ಬಂದಾಗ ಮಾತ್ರ ಎಷ್ಟು ಒಣಗಿಸಿ ಓದಿದರೂ ಜೇನು ಹೋಗಲಿಲ್ಲ. ಅದು ನಿಮ್ಮದಾಗಿತ್ತು.

ರೇವತಿ ಮೆಲ್ಲಗೆ, “ಅವನ ಕಿವಿಗೆ ಹಂಗೆ ಕೇಳಿಸ್ತು, ಸರಿ. ಬರೆದೋರ ಕಿವಿಗೆ?” ಎಂದಳು.

ಕೊನೆಗೆ ಹೀಗೆ ಒಪ್ಪಂದವಾಯಿತು. ಪುಸ್ತಕವನ್ನು ಪೂರ್ತಿ ಓದುವುದು, ಒಂದಕ್ಷರವನ್ನೂ ತಿದ್ದದಿರುವುದು. ಮುನಿರತ್ನಮ್ಮ ನನ್ನ ಪಕ್ಕದಲ್ಲಿದ್ದು ಬೇಕೆನಿಸಿದಲ್ಲಿ ಓದು ನಿಲ್ಲಿಸಿ ಪ್ರಶ್ನೆ ಕೇಳುವುದು. ಬರಲು ಮನಸ್ಸಿಲ್ಲದವರಿಗೆ ಬೇರೆ ಸುರಂಗದಲ್ಲಿ ಬೇರೆ ಓದು. ವಾರದಲ್ಲಿ ಮುಗಿಯಬೇಕಿದ್ದ ಕಾದಂಬರಿ ಇಡೀ ತಿಂಗಳು ನಡೆಯಿತು. ಡ್ರೈವರನ ಹೆಂಡತಿಗೆ ಪಾಪಣ್ಣನೇ ಒಂದು ಹೆಸರಿಟ್ಟ, ಅವಳ ಬಗ್ಗೆ ಎರಡು ಮಧ್ಯಾಹ್ನ ಜಗಳವಾಯಿತು. ಮೂವರು ಹೆಂಗಸರು ಮುನಿರತ್ನಮ್ಮನನ್ನು ಬೇರೆಯಾಗಿ ಕಂಡು ಏನೋ ಹೇಳಿಕೊಂಡರಂತೆ. ಏನೆಂದು ನಾನು ಕೇಳಲಿಲ್ಲ. ರೇವತಿಗೆ ಕತೆ ಈಗಲೂ ಇಷ್ಟ. ಆದರೆ ಹನ್ನೆರಡನೇ ಅಧ್ಯಾಯ ಬಂದ ದಿನ ಅವಳು ನಗಲಿಲ್ಲ. ಯಾರು ಸರಿಯೆಂದು ಇನ್ನೂ ತೀರ್ಮಾನವಾಗಿಲ್ಲ.

ನನಗೆ ನಿಮ್ಮ ಮೇಲೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ಪುಸ್ತಕದ ಕೊನೆಯಲ್ಲಿ ಓದುಗರ ಪತ್ರಗಳಿವೆ, ಹೆಚ್ಚಿನವು ಹೆಂಗಸರವು. ಎಲ್ಲರೂ ರಣಧೀರನನ್ನು ಹೊಗಳಿದ್ದಾರೆ. ಅವರಿಗೆ ಬೇಕಾಗಿದ್ದುದು ಅವನೋ, ಇಲ್ಲವೇ ಯಾರಾದರೂ ತಮ್ಮನ್ನು ಅಷ್ಟು ಬಯಸುವುದೋ? ಬಾಗಿಲು ತಟ್ಟಿ, ಒಳಗೆ ಬರಲೇ ಎಂದು ಕೇಳುವ ಗಂಡಸನ್ನೂ ಅಷ್ಟೇ ಚೆಲುವಾಗಿ ಬರೆಯಬಹುದೆಂದು ನಿಮಗೆ ಹೊಳೆಯಲಿಲ್ಲವೇ? ಅಥವಾ ನೀವು ಬರೆದರೂ ಯಾರೂ ಅಚ್ಚು ಹಾಕಲಿಲ್ಲವೇ?

ಈ ಕಾಗದಕ್ಕೆ ತನ್ನದೂ ಎರಡು ಮಾತು ಸೇರಬೇಕೆಂದು ಮುನಿರತ್ನಮ್ಮ ಕೇಳಿದ್ದಾಳೆ. ಅವಳು ಹೇಳಿದಂತೆಯೇ ಬರೆಯುತ್ತೇನೆ: “ನೀವು ಕೆಟ್ಟೋರು ಅಂತ ನಾನು ಅನ್ನಲ್ಲ. ಬರೆಯೋವಾಗ ಆ ಹುಡುಗಿ ಪಕ್ಕ ಒಂದು ಗಳಿಗೆ ಕೂತ್ಕೊಂಡು ನೋಡಿ. ಅವಳು ಏನಂತಾಳೆ ಕೇಳಿಸ್ಕೊಳ್ಳಿ. ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ.”

ಇತಿ, ನಿಮ್ಮ ಓದುಗಿ,
ಅಲಮೇಲು