ಹನ್ನೆರಡನೆಯ ರಾಜೀನಾಮೆ

ಮಾರ್ಚ್ ೧೨, ಭಾನುವಾರ

ನನ್ನ ಮುದ್ದು ಮಗಳೇ,

ನಿನ್ನ ಕಾಗದ ಬಂತು. ಅಪ್ಪ ಹೋಗಿ ನಲವತ್ತು ದಿನ. ಅಡುಗೆಮನೆಯ ನಲ್ಲಿ ಸೋರುತ್ತಿದೆ, ಬೇರೆಯವರನ್ನು ಕರೆಸಲು ಮನಸ್ಸು ಬರುತ್ತಿಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ 'ಕೆರೆ ಉಳಿಸಲು ಮಂತ್ರಿ ಪದವಿಯನ್ನೇ ಒದ್ದು ಬಂದ ಅಪ್ಪ' ಎಂದು ಮಾತಾಡುತ್ತೀಯಂತೆ. ಆ ದಿನ ಮನೆಯಲ್ಲಿ ಏನೆಂದರು ಎಂದು ಕೇಳಿದ್ದೀಯ. ನೀನಾಗ ಹಾಸ್ಟೆಲಿನಲ್ಲಿದ್ದೆ. ನಿಜ ಹೇಳಿದರೆ ನಿನ್ನ ಭಾಷಣ ಕೆಡುತ್ತದೆ, ಹೇಳದಿದ್ದರೆ ನನ್ನ ನಿದ್ದೆ ಕೆಡುತ್ತದೆ.

ನೀರು ಸರಬರಾಜು ಕಚೇರಿಯಲ್ಲಿ ಇಂಜಿನಿಯರಾಗಿದ್ದ ಅಪ್ಪ ಚುನಾವಣೆಗೆ ನಿಂತದ್ದೇ ಪರರ ಜಗಳದಿಂದ. ಪಕ್ಷದ ಇಬ್ಬರು ಘಟಾನುಘಟಿಗಳು ಟಿಕೆಟ್ಟಿಗೆ ಕಿತ್ತಾಡಿ, ಕೊನೆಗೆ "ಈ ಪೈಪಿನವನಾದ್ರೆ ಯಾರಿಗೂ ತೊಂದ್ರೆಯಿಲ್ಲ" ಎಂದು ಇವರನ್ನು ನಿಲ್ಲಿಸಿದರು. ಗೆದ್ದುಬಿಟ್ಟರು! ಪರಿಸರ ಖಾತೆ ಸಿಕ್ಕಿದ್ದೂ ಅದನ್ನು ಬೇರೆ ಯಾರೂ ಕೇಳದ್ದರಿಂದ. ಮೊದಲ ದಿನವೇ ಗಾರೆಯವರು ನೆಲದ ಮಟ್ಟ ನೋಡುವ ರಸಮಟ್ಟವನ್ನು ಮೇಜಿನ ಮೇಲಿಟ್ಟು ನೋಡಿ, ಓರೆಯಿದೆಯೆಂದು ತಮ್ಮ ಭಾಷಣವನ್ನೇ ಮಡಚಿ ಮೇಜಿನ ಕಾಲಡಿಗೆ ತುರುಕಿದರಂತೆ.

ಸಿಟ್ಟು ಬಂದಾಗಲೆಲ್ಲ ಒಂದು ರಾಜೀನಾಮೆ ಬರೆಯುವರು. ಒಂದೇ ಸಾಲು: 'ಈ ಹುದ್ದೆಯಲ್ಲಿ ಮುಂದುವರಿಯಲು ನನ್ನಿಂದಾಗದು.' ನನ್ನ ಕೈಗಿಟ್ಟು, "ಈಗಲೇ ಡ್ರೈವರ್ ಕೈಲಿ ಮುಖ್ಯಮಂತ್ರಿಗಳಿಗೆ ಕಳಿಸ್ಬಿಡು ಕಣೇ" ಅನ್ನುವರು. ನಾನು "ಹೂಂ" ಎಂದು ಬೀರುವಿನೊಳಗೆ ಸೇರಿಸುವೆ. ಊಟದ ಹೊತ್ತಿಗೆ ಸಿಟ್ಟು ಇಳಿದು, "ಕಳಿಸಿಲ್ಲ ತಾನೇ?" ಎಂದು ಮೆಲ್ಲಗೆ ಕೇಳುವರು. ನನ್ನ ದಿನಚರಿಯ ಪ್ರಕಾರ ಎರಡು ವರ್ಷಕ್ಕೆ ಹನ್ನೊಂದು. ಒಂದು ಲಿಫ್ಟ್ ಕೆಟ್ಟದ್ದಕ್ಕೆ, ಇನ್ನೊಂದು ಸಸಿ ನೆಡುವ ಸಮಾರಂಭಕ್ಕೆ ಪ್ಲಾಸ್ಟಿಕ್ ಗಿಡ ತಂದದ್ದಕ್ಕೆ.

ಹನ್ನೆರಡನೆಯದು ಬಚ್ಚಲಿಗಾಗಿ. ಸರ್ಕಾರಿ ಬಂಗಲೆಯ ರಿಪೇರಿಯವರು ಇಳಿಜಾರು ತಪ್ಪಿಸಿದ್ದರಿಂದ ಬಚ್ಚಲ ನೀರು ಪಡಸಾಲೆಗೆ ಹರಿಯುತ್ತಿತ್ತು. "ಒಂದು ಬಚ್ಚಲು ಸರಿಮಾಡಿಸೋಕಾಗದವನು ಯಾವ ಸೀಮೆ ಮಂತ್ರಿ!" ಎಂದು ಕೂಗಾಡಿ ಬರೆದುಕೊಟ್ಟರು. ಅದನ್ನು ನಾನು ಕಳಿಸಿಬಿಟ್ಟೆ. ನೆಲ ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಗಿತ್ತು.

ಮಧ್ಯಾಹ್ನದ ವಾರ್ತೆಯಲ್ಲಿ ರಾಜೀನಾಮೆ ಅಂಗೀಕಾರವಾಯಿತೆಂದು ಹೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ಅನ್ನದ ತಟ್ಟೆ ನೋಡಿದೆ.

ಕೆರೆ ಮುಚ್ಚಿ ಅಂಗಡಿ ಸಾಲು ಕಟ್ಟುವ ಅರ್ಜಿ ಅದೇ ವಾರ ಅವರ ಮುಂದೆ ಬಂದಿತ್ತಲ್ಲ, ಊರು ತಾನೇ ಕಥೆ ಕಟ್ಟಿತು. ಸಂಜೆ ಗೇಟಿನ ಮುಂದೆ ಜನವೋ ಜನ, ಜೈಕಾರವೋ ಜೈಕಾರ. ಅಪ್ಪ ಬಚ್ಚಲಿನ ಮಾತೆತ್ತಿದರು. ಪಕ್ಕದ ಮನೆಯ ವಕೀಲರು ತೋಳು ಹಿಡಿದೆಳೆದು, "ಸುಮ್ನಿರಿ ಸಾರ್, ಇಷ್ಟು ಜನ ನಿಮ್ಮ ಬಚ್ಚಲು ನೋಡೋಕೆ ಬಂದಿದಾರಾ?" ಅಂದರು. ಆ ಜನಕ್ಕೆ ಹೆದರಿ ಮುಂದಿನ ಮಂತ್ರಿ ಅರ್ಜಿ ತಿರಸ್ಕರಿಸಿದರು.

ಆಮೇಲೆ ಹದಿನೆಂಟು ವರ್ಷ ವಾರ್ಡಿನ ಸದಸ್ಯರಾಗಿ ಮೋರಿ ಮೋರಿ ಇಣುಕುತ್ತ ತಿರುಗಿದರು. ಒಂದೂ ರಾಜೀನಾಮೆ ಬರೆಯಲಿಲ್ಲ. ಅಷ್ಟು ಸುಖವಾಗಿ ಅವರನ್ನು ನಾನು ಕಂಡದ್ದು ಆಗಲೇ.

ಆದ್ದರಿಂದ ಬಚ್ಚಲಿನ ವಿಷಯ ಧಾರಾಳವಾಗಿ ಹೇಳು. ಪದವಿಯನ್ನು ಅವರು ಒದ್ದದ್ದಲ್ಲ, ಹೆಂಡತಿ ಕಿತ್ತುಕೊಂಡದ್ದು. ಜನ ನಗಲಿ, ಅವರಿಗೂ ಇಷ್ಟವಾಗುತ್ತಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಬೆಳಿಗ್ಗೆ ಕೆರೆಯ ಕಡತ ಮನೆಯಲ್ಲೇ ಇತ್ತು. "ದಿನಾ ಮೇಲಿನವರ ಕಾಟ, ಸಾಕಾಯ್ತು ಕಣೇ, ಒಪ್ಪಿಗೆ ಕೊಟ್ಬಿಡ್ತೀನಿ" ಎಂದು ಪೆನ್ನು ತರಲು ಎದ್ದವರ ಕಾಲಿಗೆ ಬಚ್ಚಲ ನೀರು ತಾಗಿ, ಸಿಟ್ಟು ಆ ಕಡೆ ತಿರುಗಿತು. ಊಟದ ಹೊತ್ತಿಗೆ ಅದು ಇಳಿಯುತ್ತದೆ, ಆಮೇಲೆ ಕಡತಕ್ಕೆ ಸಹಿ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಇದನ್ನು ಮಾತ್ರ ಸಭೆಯಲ್ಲಿ ಆಡಬೇಡ. ಜನರಿಗೆ ಬಚ್ಚಲು ಸಾಕು.