ಬೆಳಗಾಂವ ಕುಂದಾದಲ್ಲಿ ನಿಂತ ಒಡಪು

ಮಮದಾಪುರ, ತಾ. ಗೋಕಾಕ
೯ ನವೆಂಬರ್ ೨೦೨೪

ಪ್ರೀತಿಯ ಪರಶುರಾಮನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪ? ನೀನಿರುವ ಕಡೆ ಹಿಮ ಬೀಳಲು ಶುರುವಾಗಿದೆ ಎಂದು ಟಿ.ವಿ.ಯಲ್ಲಿ ತೋರಿಸಿದರು. ಕಾಲುಚೀಲ ಎರಡೆರಡು ಹಾಕಿಕೊಳ್ಳುತ್ತೀಯೋ ಇಲ್ಲವೋ? ಕೆಮ್ಮು ಪೂರ್ತಿ ಹೋಯಿತೇ? ಫೋನಿನಲ್ಲಿ ಕೇಳಿದರೆ ಎಲ್ಲದಕ್ಕೂ "ಆರಾಮ ಅದೇನಿ" ಅನ್ನುತ್ತೀ. ಆ ಮಾತನ್ನು ನಾನು ನಂಬುವುದು ಬಿಟ್ಟು ಬಹಳ ದಿನವಾಯಿತು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೊದಲಿನ ಹಾಗೆಯೇ. ಕಬ್ಬಿನ ಕಟಾವು ಶುರುವಾಗಿ ಟ್ರ್ಯಾಕ್ಟರುಗಳು ರಸ್ತೆಯ ಧೂಳನ್ನೆಲ್ಲ ನಮ್ಮ ಅಂಗನವಾಡಿಯೊಳಗೆ ತಂದು ಸುರಿಯುತ್ತಿವೆ. ಈಗ ಮಕ್ಕಳು ಉಂಡು ಮಲಗಿವೆ, ಅದಕ್ಕೇ ಬರೆಯಲು ಕೂತೆ. ಫೋನಿರುವಾಗ ಅವ್ವನಿಗೆ ಪತ್ರದ ಹುಚ್ಚು ಯಾಕೆ ಅಂದುಕೊಳ್ಳಬೇಡ. ನೀನು ಭಾನುವಾರ ಗಡಿಯ ಠಾಣೆಯಿಂದ ಕೆಳಗಿಳಿದು ಬಂದು ಫೋನ್ ಮಾಡಿದಾಗ ನಿನ್ನ ದೊಡ್ಡಪ್ಪ ಸ್ಪೀಕರ್ ಹಚ್ಚಿಕೊಂಡು ಬಾಜೂಕ್ಕೇ ಕೂತಿರುತ್ತಾರೆ. ಈಗ ಹೇಳುವುದು ಅವರ ವಿಷಯವೇ.

ನಿನ್ನ ಹೆಂಡತಿಯ ಏಳು ತಿಂಗಳ ಕುಬಸ ಚೆನ್ನಾಗಿ ಆಯಿತು ಎಂದು ನಿನಗೆ ಹೇಳಿದೆವಲ್ಲ, ಚೆನ್ನಾಗಿ ಆಗಲಿಲ್ಲ. ನಿನಗೆ ತಿಳಿಸಬಾರದೆಂದು ಎರಡೂ ಮನೆಯವರು ಒಪ್ಪಿಕೊಂಡೆವು. ಆ ದಿನ ಎರಡೂ ಮನೆಯವರು ಒಪ್ಪಿದ್ದು ಅದೊಂದೇ ಮಾತು. ಕಾಜಲ್ ಕೂಡ ನಿನ್ನ ಮುಂದೆ ಬಾಯಿ ಬಿಟ್ಟಿರಲಾರಳು. ಆದರೆ ನನಗೆ ತಡೆಯಲಾಗುತ್ತಿಲ್ಲ. ಕೂತರೆ ನಿಲ್ಲಬೇಕೆನಿಸುತ್ತದೆ, ನಿಂತರೆ ಬಾಗಿಲಿಗೆ ಹೋಗಿ ರಸ್ತೆ ನೋಡಬೇಕೆನಿಸುತ್ತದೆ. ಇದನ್ನು ಬರೆಯುವಾಗಲೇ ಎರಡು ಸಲ ಎದ್ದು ಬಂದೆ.

ಮೂಡಲಗಿಯಿಂದ ತಂದ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ಇಟ್ಟುಕೊಂಡು ನಿನ್ನ ಹೆಂಡತಿ ಹಸೆಯ ಮೇಲೆ ಕೂತಿದ್ದಳು. ಕಣ್ಣು ತೆಗೆಯಲಾಗದಷ್ಟು ಚೆಂದ ಕಾಣುತ್ತಿದ್ದಳು ಕಣೋ. ಯಮಕನಮರಡಿಯಿಂದ ಅವಳ ತಂದೆ ಮಾಲಿಂಗಪ್ಪ ತಮ್ಮ ಗೂಡ್ಸ್ ಗಾಡಿಯ ತುಂಬ ಬೀಗರನ್ನು ಕರೆದುಕೊಂಡು ಬಂದಿದ್ದರು. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗೆ. ಉಡಿ ತುಂಬಿದ್ದಾಯಿತು. ಪಕ್ಕದ ಮನೆಯ ಭರಮವ್ವ ಆರತಿ ಎತ್ತಿದಳು. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ, ಎತ್ತಿದ ಆರತಿ ಇಳಿಸಬೇಕಾದರೆ ಗರ್ಭಿಣಿ ಪ್ರಾಸ ಹೊಂದಿಸಿ ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಬೇಕು. ಕಾಜಲ್ ನಾಚಿಕೊಂಡಳು, ಎಲ್ಲರೂ ಕಾಡಿದರು, ಕೊನೆಗೆ ತಲೆ ಎತ್ತಿ ಶುರುಮಾಡಿದಳು: "ಗೋಕಾಕದ ಕರದಂಟ, ಬೆಳಗಾಂವದ ಕುಂದಾ..." ಅಷ್ಟು ಹೇಳಿ ಉಸಿರು ತೆಗೆದುಕೊಳ್ಳಲು ನಿಂತಳು. ಏಳು ತಿಂಗಳ ಹೊಟ್ಟೆ ಹೊತ್ತವಳು, ನಿಲ್ಲಲೇಬೇಕಲ್ಲ. ಅಷ್ಟರಲ್ಲಿ ಪಡಸಾಲೆಯಿಂದ ದೊಡ್ಡಪ್ಪನವರ ಧ್ವನಿ ಬಂತು: "ಬೆಳಗಾವಿ ಅನ್ನವಾ, ಬೆಳಗಾವಿ! ನಮ್ಮ ಮನಿ ಸೊಸಿ ಬಾಯಾಗ ಆ ಹಳೇ ಹೆಸರ ಬರಬಾರದು."

ಅವರ ಸ್ವಭಾವ ನಿನಗೆ ನಾನು ಹೇಳಬೇಕೇ? ಬೆಳಗಾವಿ ಎಂಬ ಹೆಸರಿಗಾಗಿ ಹರೆಯದಲ್ಲಿ ಮೆರವಣಿಗೆಯಲ್ಲಿ ನಡೆದವರು, ಹೊಲ ಬಿಟ್ಟು ಸಭೆಗೆ ಓಡಿದವರು. ಸರಕಾರ ಹೆಸರು ಬದಲಿಸಿದ ದಿನ ಓಣಿಗೆಲ್ಲ ಪೇಢೆ ಹಂಚಿದವರು. ಗುರುಲಿಂಗಪ್ಪನ ಮುಂದೆ ಬೆಳಗಾಂವ ಅಂದರೆ ಮುಗಿಯಿತು ಎಂದು ಊರಿಗೇ ಗೊತ್ತು. ಆದರೆ ಯಮಕನಮರಡಿಯವರಿಗೆ ಹೇಗೆ ಗೊತ್ತಾಗಬೇಕು? ಮಾಲಿಂಗಪ್ಪ ಮೊದಲು ನಕ್ಕೇ ಹೇಳಿದರು: "ನನ್ನ ಗಾಡಿ ಕೊಂಡಾಗಿಂದ ಬೆಳಗಾಂವಕ್ಕ ಹೋಗಾಕತ್ತೈತ್ರಿ. ಬೆಳಗಾವಿಗೆ ಒಮ್ಮೆನೂ ಹೋಗಿಲ್ಲ ನೋಡ್ರಿ." ಗಂಡಸರೆಲ್ಲ ನಕ್ಕರು. ಆ ನಗುವೇ ಕೆಡಿಸಿತು. ದೊಡ್ಡಪ್ಪನವರು ಎದ್ದು ನಿಂತು ಇತಿಹಾಸ ತೆಗೆದರು. ಯಾರೋ ನಮ್ಮದು ಮುಂಬೈ ಕರ್ನಾಟಕ ಅಂದರು, ಇನ್ನೊಬ್ಬರು ಈಗ ಕಿತ್ತೂರು ಕರ್ನಾಟಕ ಅನ್ನಬೇಕೆಂದು ತಿದ್ದಿದರು. "ನಿಮ್ಮ ಕಡಿ ಮಂದಿ ಕನ್ನಡಾನ ಅರ್ಧಾ ಮಾರಕೊಂಡೀರಿ" ಎಂಬ ಮಾತು ದೊಡ್ಡಪ್ಪನವರ ಬಾಯಿಂದ ಬಂತು. ಆ ಮಾತಿಗೆ ಮಾಲಿಂಗಪ್ಪನವರ ನಗು ಹೋಯಿತು. "ನಾವು ಮನ್ಯಾಗ ಕನ್ನಡಾನ ಮಾತಾಡೋದ್ರಿ. ನಮ್ಮವ್ವ ಕಲಿಸಿದ ಹೆಸರ ಅನ್ನತೇವಿ, ನಿಮ್ಮ ಗೆಜೆಟ್ ಕೇಳಿ ಹಾಲು ಕುಡದಿಲ್ಲ" ಎಂದರು.

ಆರತಿ ಹಿಡಿದು ಕೈ ಸೋತ ಭರಮವ್ವ ತಟ್ಟೆಯನ್ನು ನೆಲಕ್ಕಿಟ್ಟಳು. ಕಾಜಲಳ ಒಡಪು ಅಲ್ಲೇ ನಿಂತಿತು, ನಿನ್ನ ಹೆಸರು ಬರಲೇ ಇಲ್ಲ. ಒಬ್ಬರಾದರೂ ತಿರುಗಿ ಅವಳನ್ನು ಕೇಳಬೇಕಲ್ಲ? ಜಗಳ ಯಾರಿಂದ ಶುರುವಾಯಿತೋ ಅವಳೇ ಯಾರಿಗೂ ನೆನಪಿರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಗಂಡನಿಲ್ಲದವಳು, ಆರತಿಯ ಹತ್ತಿರ ಹೇಗೆ ಹೋಗಲಿ ಎಂದು ಅಲ್ಲೇ ಸೆರಗು ಹಿಂಡುತ್ತ ನಿಂತೆ. ಊಟಕ್ಕೆ ಕೂತವರು ಹೋಳಿಗೆಯನ್ನು ಎಲೆಯ ಮೇಲೇ ಬಿಟ್ಟು ಎದ್ದರು. ಪದ್ಧತಿಯಂತೆ ಅವಳನ್ನು ತವರಿಗೆ ಕರೆದುಕೊಂಡು ಹೋದರು ನಿಜ, ಆದರೆ ಕರೆದುಕೊಂಡು ಹೋಗುವುದಕ್ಕೂ ಎಬ್ಬಿಸಿಕೊಂಡು ಹೋಗುವುದಕ್ಕೂ ಅಂತರವಿದೆ. ಗಾಡಿ ಹತ್ತುವಾಗ ಅವಳು ನನ್ನ ಕಾಲು ಮುಟ್ಟಿದಳು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ ಪರಶು. ಒಡಪಿನಲ್ಲಿ ಗಂಡನ ಹೆಸರು ಅರ್ಧಕ್ಕೆ ನಿಲ್ಲಬಾರದು ಎಂದು ಹಿರಿಯರು ಅನ್ನುತ್ತಿದ್ದರು. ನಾನು ಅಂಗನವಾಡಿ ಟೀಚರ್, ಇಂಥದ್ದನ್ನೆಲ್ಲ ನಂಬಬೇಡಿ ಎಂದು ತಾಯಂದಿರಿಗೆ ಹೇಳುವವಳು. ನಾನೂ ನಂಬುವುದಿಲ್ಲ. ಆದರೆ ನೀನು ಇರುವ ಜಾಗ ಅಂಥದ್ದು. ಟಿ.ವಿ.ಯಲ್ಲಿ ಗಡಿ ಎಂಬ ಮಾತು ಬಂದರೆ ಸಾಕು, ಆ ನೆಲಕ್ಕಿಟ್ಟ ಆರತಿ ಕಣ್ಣ ಮುಂದೆ ಬರುತ್ತದೆ. ಮಕ್ಕಳಿಗೆ ಅನ್ನ ಬಡಿಸುವಾಗಲೂ ಕುಂದಾ ಎಂಬುದಕ್ಕೆ ಅವಳು ಏನು ಕೂಡಿಸಲಿದ್ದಳೋ ಎಂದು ಯೋಚಿಸುತ್ತೇನೆ. ಚಂದಾ, ಮುಂದಾ, ಆನಂದಾ ಎಂದು ನಾನೇ ಜೋಡಿಸಿ ನಿನ್ನ ಹೆಸರು ಹಚ್ಚಿ ನೋಡುತ್ತೇನೆ. ನಾನು ಹೇಳಿದರೆ ಆಗುತ್ತದೆಯೇ?

ಕಡೆಗೆ ಮೊನ್ನೆ ದೊಡ್ಡಪ್ಪನವರ ಮುಂದೆ ನಿಂತು, ನಾನು ಯಮಕನಮರಡಿಗೆ ಹೋಗುತ್ತೇನೆ, ನೀವೂ ಬರುತ್ತೀರಿ ಎಂದೆ. ಈ ಮನೆಗೆ ಬಂದ ಮೇಲೆ ಅವರಿಗೆ ಎದುರು ನಿಂತು ಮಾತಾಡಿದ್ದು ಅದೇ ಮೊದಲು. ಬರುವುದಿಲ್ಲ ಅನ್ನಲಿಲ್ಲ, ಟೋಪಿ ಹುಡುಕಿದರು. ದಾರಿಯಲ್ಲಿ ಒಂದು ತಮಾಷೆ ಆಯಿತು, ಕೇಳು. ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಯಮಕನಮರಡಿಗೆ ಹೋಗಲು ನಾವು ಹತ್ತಬೇಕಿದ್ದ ಹುಕ್ಕೇರಿ ಬಸ್ಸು ಬರುವುದು ತಡವಾಯಿತು. ಇವರು ಸಿಟ್ಟಿನಿಂದ ಕಂಡಕ್ಟರನನ್ನು ಕೇಳಿದರು: "ಏನ್ರಿ, ಬೆಳಗಾಂವ ಬಸ್ಸಷ್ಟ ಬಿಡಾಕತ್ತೀರಿ, ಹುಕ್ಕೇರಿದು ಯಾವಾಗ?" ಅಂದವರೇ ನನ್ನ ಕಡೆ ನೋಡಿದರು. ನಾನು ಎಲೆ ಅಡಿಕೆ ಅಂಗಡಿಯ ಕಡೆ ನೋಡಿದೆ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ, ಇದ್ದಿದ್ದರೆ ಆ ಬಸ್ ಸ್ಟ್ಯಾಂಡಿನಲ್ಲೇ ಕೂತು ನಗುತ್ತಿದ್ದೆ.

ಮಾಲಿಂಗಪ್ಪನವರು ಒಳ್ಳೆಯ ಮನುಷ್ಯರು, ಬಂದವರಿಗೆ ಬಾಗಿಲು ಹಾಕಲಿಲ್ಲ. ದೊಡ್ಡಪ್ಪನವರು ಕಟ್ಟೆಯ ಮೇಲೆ ಕೂತರು, ಚಹಾ ಕುಡಿದರು, ಕ್ಷಮಿಸಿ ಎಂಬ ಮಾತು ಮಾತ್ರ ಅವರ ಗಂಟಲು ದಾಟಲಿಲ್ಲ. ನಾನು ಒಳಗೆ ಹೋಗಿ ಕಾಜಲಳ ಕೈ ಹಿಡಿದು, ಒಡಪು ಮುಗಿಸಿಬಿಡವ್ವ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ, "ಅತ್ತಿ, ಮೊದಲ ನಿಮ್ಮದು ಹೇಳ್ರಿ" ಎಂದಳು. ನಿಮ್ಮಪ್ಪ ಹೋದ ಮೇಲೆ ನನ್ನನ್ನು ಯಾರೂ ಒಡಪು ಕೇಳಿಲ್ಲ. ಇದ್ದಾಗ ಬೇರೆ ಹೊತ್ತಿನಲ್ಲಿ ಆ ಹೆಸರು ಹೇಳುವಂತಿರಲಿಲ್ಲ, ಹೋದ ಮೇಲೆ ಒಡಪಿನಲ್ಲೂ ಹೇಳುವಂತಿಲ್ಲ. ನನ್ನ ಬಾಯಲ್ಲಿ ಆ ಹೆಸರು ಬರುವ ಜಾಗವೇ ಇಲ್ಲದಂತಾಯಿತು. ಬೇಡವ್ವ ಅಂದೆ, ಅವಳು ಕೈ ಬಿಡಲಿಲ್ಲ. ಕಣ್ಣು ಮುಚ್ಚಿ, ಮದುವೆಯಾಗಿ ಬಂದ ದಿನ ನಮ್ಮ ಹೊಸ್ತಿಲಲ್ಲಿ ಹೇಳಿದ್ದನ್ನೇ ಹೇಳಿದೆ: "ಘಟಪ್ರಭಾ ಟೇಶನ್ನಾಗ ನಿಂತೈತಿ ಬೆಳಗಾಂವ ಗಾಡಿ, ಸೋಮಲಿಂಗರ ಹೆಸರ ಹೇಳತೇನಿ ಎಲ್ಲಾರ ಮಾರಿ ನೋಡಿ."

ಹೊರಗೆ ಕಟ್ಟೆಯ ಮೇಲೆ ಅದು ಕೇಳಿಸಿತು. ಬೆಳಗಾಂವ ಎಂದು ಕೇಳಿದ ಕೂಡಲೇ ಅವರು ತಿದ್ದುತ್ತಾರೆಂದು ನಾನು ಹೆದರಿದ್ದೆ. ದೊಡ್ಡಪ್ಪನವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ತಮ್ಮನ ಹೆಸರು ಅವರೂ ಎಷ್ಟು ದಿನದ ಮೇಲೆ ಕೇಳಿದ್ದರೋ. ಆಮೇಲೆ ಒಳಗೆ ಇಣುಕಿ, "ನೀನೂ ಹೇಳವಾ, ಹೆಂಗ ಬರತೈತಿ ಹಂಗ ಹೇಳು" ಎಂದರು. ಅವರ ಮಟ್ಟಿಗೆ ಅದು ಸಾಷ್ಟಾಂಗ ಹಾಕಿದ ಹಾಗೆ. ಆದರೂ ನಿನ್ನ ಹೆಂಡತಿ ತಲೆ ಅಲ್ಲಾಡಿಸಿದಳು. ಈಗ ಹೇಳುವುದಿಲ್ಲ ಎಂದಳು. ಹೋದ ಹಾಗೆಯೇ ಬರಿಗೈಯಲ್ಲಿ ತಿರುಗಿ ಬಂದೆವು.

ಮಕ್ಕಳು ಏಳುತ್ತಿವೆ, ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಜೊತೆಯ ಹುಡುಗರಿಗೆಲ್ಲ ಈ ಅವ್ವ ಕೇಳಿದಳೆಂದು ಹೇಳು. ದೊಡ್ಡಪ್ಪನವರದೂ ಭರಮವ್ವನದೂ ಆಶೀರ್ವಾದ ನಿನಗಿದೆ. ನಿನ್ನ ನೆತ್ತಿ ತಣ್ಣಗಿರಲಿ, ಕಾಲು ಬೆಚ್ಚಗಿರಲಿ.

ಇಂತಿ ನಿನ್ನ ಅವ್ವ,
ಇಂದ್ರವ್ವ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮುಖ್ಯವಾದದ್ದನ್ನೇ ಬರೆದಿರಲಿಲ್ಲ, ಬರೆಯಲು ಸಂಕೋಚವಾಗಿತ್ತು. ನಮ್ಮನ್ನು ಬಸ್ಸಿಗೆ ಬಿಡಲು ಬಂದಾಗ ಕಾಜಲ್ ನನ್ನ ಕಿವಿಯಲ್ಲಿ ಹೇಳಿದಳು: "ಅವತ್ತ ಎಲ್ಲಾರಿಗೂ ಊರಿನ ಹೆಸರ ಬೇಕಾಗಿತ್ತ್ರಿ ಅತ್ತಿ. ನಿಮ್ಮ ಮಗನ ಹೆಸರೂ ಬ್ಯಾಡಾಗಿತ್ತು, ನಾನೂ ಬ್ಯಾಡಾಗಿದ್ದೆ. ಮೊದಲ ಅವರು ಒಡಪಿನ್ಯಾಗ ನನ್ನ ಹೆಸರ ಹೇಳಲಿ. ಆಮ್ಯಾಲೆ ನಾ ನಿಂತಲ್ಲಿಂದ ಮುಗಸ್ತೇನಿ." ಈ ಪತ್ರ ಕೈಸೇರಿದ ಮೇಲಿನ ಭಾನುವಾರ ಯಮಕನಮರಡಿಗೇ ಫೋನ್ ಮಾಡು. ನಾವೂ ಅಲ್ಲೇ ಇರುತ್ತೇವೆ, ಸ್ಪೀಕರನ್ನು ದೊಡ್ಡಪ್ಪನವರೇ ಹಚ್ಚುತ್ತಾರಂತೆ. ನೀನು ಬೆಳಗಾಂವ ಅನ್ನುತ್ತೀಯೋ ಬೆಳಗಾವಿ ಅನ್ನುತ್ತೀಯೋ ಎಂದು ಎರಡೂ ಮನೆಯವರು ಕಿವಿ ತೆರೆದುಕೊಂಡು ಕೂತಿರುತ್ತಾರೆ. ನಿನಗೆ ಹೇಗೆ ಬರುತ್ತದೋ ಹಾಗೆ ಅನ್ನು. ಆದರೆ ಮಗನೇ, ಅವಳ ಹೆಸರು ಬರುವವರೆಗೆ ಉಸಿರು ಮಾತ್ರ ತೆಗೆದುಕೊಳ್ಳಬೇಡ.